ಬೀರುವಿನ ಬೀಗ ಯಾರ ಕೈಲಿದೆ?

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳು. ಕೇಳಿದವರು ಬರೆದುಕೊಡಿ ಅಂದಿದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ಪದ್ಯ ಓದಿ ಅಂತ ನಮ್ಮನ್ನು ಕರೆದಿರಿ. ಪದ್ಯ ಆಮೇಲೆ ಓದೋಣ. ಇವತ್ತು ಒಂದು ಬೀರುವಿನ ವಿಷಯ ಮಾತಾಡಬೇಕು ಅಂತ ಬಂದಿದ್ದೇವೆ. ನಗಬೇಡಿ. ಹೋರಾಟದ ಸಭೆಯಲ್ಲಿ ಬೀರುವಿನ ಮಾತು ಯಾಕೆ ಅಂತ ಕೊನೆಗೆ ನೀವೇ ಹೇಳುವಿರಂತೆ.

ನಾವು ಓದಿದ ಶಾಲೆಯಲ್ಲಿ ಹೆಡ್‌ಮೇಷ್ಟ್ರ ಕೋಣೆಯೊಳಗೆ ಒಂದು ಕಬ್ಬಿಣದ ಬೀರು ಇತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ 'ಗ್ರಂಥಾಲಯ' ಅಂತ ಬರೆದಿತ್ತು. ಆ ಕೋಣೆಯ ಕಸ ಗುಡಿಸುತ್ತಿದ್ದವರು ಯಾರು? ನಾವೇ, ಕೇರಿಯ ಹುಡುಗರು. ಬೀರುವಿನ ಧೂಳು ಒರೆಸುತ್ತಿದ್ದವರೂ ನಾವೇ. ಹೊರಗಿನ ಧೂಳು ನಮ್ಮದು, ಒಳಗಿನ ಪುಸ್ತಕ ಮಾತ್ರ ನಮ್ಮದಲ್ಲ. ಸಾಹೇಬರು ತಪಾಸಣೆಗೆ ಬರುವ ದಿನ ಬೀಗ ತೆಗೆಯೋರು. ಪುಸ್ತಕಗಳನ್ನು ಮೇಜಿನ ಮೇಲೆ ಅಂದವಾಗಿ ಜೋಡಿಸೋರು. ಜೀಪು ಹೊರಟ ಮೇಲೆ ಗರ್ಭಗುಡಿ ಮುಚ್ಚಿದ ಹಂಗೆ ಮತ್ತೆ ಮುಚ್ಚೋರು. ಏಳು ವರ್ಷ ಓದಿದೆವು. ಒಂದೇ ಒಂದು ಪುಸ್ತಕ ನಮ್ಮ ಕೈಗೆ ಬರಲಿಲ್ಲ.

ಒಂದು ದಿನ ನಮ್ಮಲ್ಲೊಬ್ಬ ಧೈರ್ಯ ಮಾಡಿ, 'ಸಾ, ಒಂದು ಕತೆ ಪುಸ್ತಕ ಕೊಡಿ ಸಾ' ಅಂದ. 'ಮೊದಲು ಪಾಠದ ಪುಸ್ತಕ ಓದೋ. ಇದನ್ನ ಹರಿದು ಹಾಕಿದರೆ ನಿಮ್ಮಪ್ಪ ಕಟ್ಟಿಕೊಡ್ತಾನೇನೋ?' ಅಂದರು. ಆ ಒಂದು ಮಾತಿನಲ್ಲಿ ಎರಡು ಸಂಗತಿ ಇದ್ದವು ಗೆಳೆಯರೇ. 'ನಿಮ್ಮಪ್ಪ' ಅನ್ನೋದರಲ್ಲಿ ಜಾತಿ ಇತ್ತು. 'ಕಟ್ಟಿಕೊಡ್ತಾನೇನೋ' ಅನ್ನೋದರಲ್ಲಿ ಭಯ ಇತ್ತು. ಜಾತಿ ಇದ್ದದ್ದು ನಮಗೆ ಅವತ್ತೇ ತಿಳೀತು. ಭಯ ಇದ್ದದ್ದು ತಿಳಿಯೋಕೆ ಹತ್ತು ವರ್ಷ ಬೇಕಾಯ್ತು.

ಯಾತರ ಭಯ? ಶಾಲೆಯ ಪುಸ್ತಕ ಸರ್ಕಾರಿ ಸೊತ್ತು. ಯಾರ ಹೆಸರಿನಲ್ಲಿ ಲೆಕ್ಕ ಇದೆಯೋ ಅವರೇ ಜವಾಬ್ದಾರರು. ವರ್ಗವಾಗಿ ಹೋಗುವಾಗ ಎಣಿಸಿ ಒಪ್ಪಿಸಬೇಕು. ಕಮ್ಮಿ ಬಿದ್ದರೆ ತಮ್ಮ ಸಂಬಳದಲ್ಲಿ ಹಿಡೀತಾರೆ ಅಂತ ಮೇಷ್ಟ್ರಿಗೆ ಅಂಜಿಕೆ. ಮಕ್ಕಳು ಎಷ್ಟು ಓದಿದರು ಅಂತ ಯಾರೂ ಕೇಳೋದಿಲ್ಲ, ಎಷ್ಟು ಉಳಿದಿವೆ ಅಂತ ಮಾತ್ರ ಕೇಳ್ತಾರೆ. ಹಂಗಿದ್ದ ಮೇಲೆ ಬೀಗ ಹಾಕದೆ ಇನ್ನೇನು ಮಾಡ್ತಾರೆ? ಓದಿದರೆ ಸವೆಯುತ್ತೆ, ಕೊಟ್ಟರೆ ಕಳೆಯುತ್ತೆ, ಮುಚ್ಚಿಟ್ಟರೆ ಲೆಕ್ಕ ಸರಿಯಾಗುತ್ತೆ. ಗೆದ್ದಲು ತಿಂದರೂ ಲೆಕ್ಕ ಸರಿ!

ಆದರೆ ಕಾನೂನು ಏನು ಹೇಳುತ್ತೆ ಅಂತ ನಾವು ತಿಳಿದುಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆ, ನಿಯತಕಾಲಿಕ, ಎಲ್ಲಾ ವಿಷಯದ ಪುಸ್ತಕ ಇರಬೇಕು ಅಂತ ಇದೆ. ಕತೆ ಪುಸ್ತಕವೂ ಇರಬೇಕು ಅಂತ ಬಿಡಿಸಿ ಬರೆದಿದೆ. ಅಂದರೆ ನಮ್ಮ ಹುಡುಗ ಕೇಳಿದ್ದು ಭಿಕ್ಷೆ ಅಲ್ಲ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಗ್ರಂಥಾಲಯದ ಅನುದಾನ ಇಟ್ಟರು. ನಿಮ್ಮೂರ ಶಾಲೆಗೆ ಎಷ್ಟು ಬಂತು, ಯಾವ ಪುಸ್ತಕ ಕೊಂಡರು ಅಂತ ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ನಮ್ಮ ಕೇರಿಯ ಅಪ್ಪ ಅವ್ವಂದಿರೂ ಇದ್ದಾರೆ. ಅವರಿಗೆ ಈ ಒಂದು ಪ್ರಶ್ನೆ ಹೇಳಿಕೊಟ್ಟು ಸಭೆಗೆ ಕಳಿಸಿ.

ಇನ್ನು ಕಳೆದುಹೋದ ಪುಸ್ತಕದ ಲೆಕ್ಕ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಗ್ರಂಥಾಲಯದ್ದು. ವರ್ಷದಲ್ಲಿ ಓದಲು ಕೊಟ್ಟ 1,000 ಪುಸ್ತಕಕ್ಕೆ 5 ಕಳೆದರೆ, ಅದರಲ್ಲಿ ಮೋಸವಾಗಲಿ ಅಲಕ್ಷ್ಯವಾಗಲಿ ಇಲ್ಲದಿದ್ದರೆ, ಅದನ್ನು ಸಹಜ ನಷ್ಟ ಅಂತ ಒಪ್ಪಬಹುದು. 1,000 ರೂಪಾಯಿ ಮೀರಿದ ಬೆಲೆಯದು, ಅಪರೂಪದ್ದು ಹೋದರೆ ಮಾತ್ರ ವಿಚಾರಣೆ ತಪ್ಪೋದಿಲ್ಲ. ಈ ನಿಯಮ ಕೇಂದ್ರದ ಕಚೇರಿಗಳಿಗೆ ಮಾಡಿದ್ದು, ನಮ್ಮ ಹಳ್ಳಿ ಶಾಲೆಗೆ ನೇರವಾಗಿ ತಾಗೋದಿಲ್ಲ. ಆದರೂ ಅದರ ತಿರುಳು ನೋಡಿ. ಕೊಟ್ಟ ಪುಸ್ತಕದಲ್ಲಿ ಕೆಲವು ಕಳೆಯುತ್ತವೆ ಅಂತ ದೆಹಲಿಯ ಹಣಕಾಸಿನವರೇ ಒಪ್ಪಿಕೊಂಡಿದ್ದಾರೆ. ಲೆಕ್ಕ ಹಾಕಿರೋದು ಬೀರುವಿನಲ್ಲಿ ಇದ್ದ ಪುಸ್ತಕಕ್ಕಲ್ಲ, ಕೊಟ್ಟ ಪುಸ್ತಕಕ್ಕೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ಕಳೆಯುವ ಸ್ವಾತಂತ್ರ್ಯ! ಭಯ ಪಡುವ ಮೇಷ್ಟ್ರಿಗೆ ಇದನ್ನು ಜಗಳ ಮಾಡದೆ ತೋರಿಸಿ. ಅವರಲ್ಲೂ ಒಳ್ಳೆಯವರು ಇದ್ದಾರೆ, ನಮ್ಮನ್ನು ಓದಿಸಿದವರು ಇದ್ದಾರೆ.

ಬಾಬಾಸಾಹೇಬರ ಬದುಕಿನಲ್ಲಿ ಎರಡು ಘಟನೆ ನೆನಪು ಮಾಡಿಕೊಳ್ಳೋಣ. 1907ರಲ್ಲಿ ಅವರು ಮೆಟ್ರಿಕ್ ಪಾಸು ಮಾಡಿದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ತಾವೇ ಮರಾಠಿಯಲ್ಲಿ ಬರೆದ ಗೌತಮ ಬುದ್ಧನ ಚರಿತ್ರೆಯನ್ನು ಕೈಯಲ್ಲಿಟ್ಟರು. ಬೊಂಬಾಯಿಯ ಚರ್ನಿ ರೋಡ್ ಉದ್ಯಾನದಲ್ಲಿ ದಿನಾ ಓದುತ್ತಾ ಕೂರುತ್ತಿದ್ದ ಹುಡುಗನನ್ನು ಅವರು ಗುರುತು ಹಿಡಿದಿದ್ದರು. ಒಂದು ಪುಸ್ತಕ ಒಬ್ಬ ಹುಡುಗನ ಕೈಗೆ ಬಂತು. 49 ವರ್ಷ ಆದ ಮೇಲೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷಾಂತರ ಜನ ಆ ಬುದ್ಧನ ದಾರಿಗೆ ಬಂದರು. ಒಂದು ಪುಸ್ತಕದಿಂದಲೇ ಎಲ್ಲಾ ಆಯಿತು ಅಂತ ನಾವು ಹೇಳೋದಿಲ್ಲ. ಆದರೆ ಕೇಳುಸ್ಕರ್ ಮೇಷ್ಟ್ರು ಆ ಪುಸ್ತಕವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರೆ?

ಎರಡನೆಯದು ಬರೋಡದ್ದು. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲಕರನ್ನು ಕರೆಸಿ ಊರೂರಿಗೆ ಪುಸ್ತಕಾಲಯ ಮಾಡಿಸಿದರು. ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಹಳ್ಳಿಗೆ ಕಳಿಸುತ್ತಿದ್ದರು. ಇಡೀ ದೇಶಕ್ಕೇ ಮಾದರಿ. ಆ ರಾಜರೇ ಕೊಟ್ಟ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿ ಓದಿದ ಅಂಬೇಡ್ಕರ್ 1917ರಲ್ಲಿ ಕೆಲಸಕ್ಕೆ ಅಂತ ಅದೇ ಬರೋಡಕ್ಕೆ ಬಂದರು. ಇರೋಕೆ ಮನೆ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಹೆಸರು ಬದಲಿಸಿಕೊಂಡು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಪುಸ್ತಕಾಲಯಗಳ ಊರಿನಲ್ಲಿ ಅಷ್ಟು ದೊಡ್ಡ ಓದುಗನಿಗೆ ತಲೆ ಊರಲು ಜಾಗ ಇರಲಿಲ್ಲ. ಆದ್ದರಿಂದ ಪುಸ್ತಕ ಬಂದರೆ ಜಾತಿ ತಾನಾಗಿ ಹೋಗುತ್ತೆ ಅನ್ನುವ ಭ್ರಮೆ ನಮಗೆ ಬೇಡ. ಪುಸ್ತಕ ಬೇಕು, ಅದನ್ನು ನಡೆಸುವ ಕೈಯೂ ನಮ್ಮದಾಗಬೇಕು.

ಆಯ್ತು, ನಡೆಸೋದು ಹೆಂಗೆ? ನಾವು ಹಾಸ್ಟೆಲಿನಲ್ಲಿ ಮಾಡಿದ್ದನ್ನೇ ಹೇಳ್ತೇವೆ. ಸ್ಟೋರ್ ರೂಮಿನ ಪಕ್ಕ ಒಂದು ಮೂಲೆ ಕೇಳಿ ಇಸಕೊಂಡೆವು. ಹಳೆ ಪುಸ್ತಕ ಕೂಡಿಸಿದೆವು, 212 ಆದವು.

ಮೊದಲ ಕೆಲಸ ದಾಖಲೆ. ಉದ್ದ ರಿಜಿಸ್ಟರ್ ತಗೊಂಡು ಗೆರೆ ಹಾಕಿ: ನಂಬರು, ಬಂದ ತಾರೀಖು, ಬರೆದವರು, ಪುಸ್ತಕದ ಹೆಸರು, ಪ್ರಕಾಶಕರು, ಬೆಲೆ, ಯಾರು ಕೊಟ್ಟರು. ಅದೇ ನಂಬರನ್ನು ಪುಸ್ತಕದ ಮೊದಲ ಹಾಳೆಯಲ್ಲೂ, ಒಳಗೆ ಎಲ್ಲಾ ಪುಸ್ತಕಕ್ಕೂ ಒಂದೇ ಗೊತ್ತಾದ ಪುಟದಲ್ಲೂ ಬರೆಯಿರಿ. ಮೊದಲ ಹಾಳೆ ಹರಿದುಹೋದರೂ ಗುರುತು ಉಳಿಯುತ್ತೆ. ಒಂದು ನಂಬರು ಒಂದೇ ಪುಸ್ತಕಕ್ಕೆ. ಪುಸ್ತಕ ಕಳೆದರೂ ಆ ನಂಬರು ಬೇರೆಯದಕ್ಕೆ ಕೊಡಬೇಡಿ. ಬೀರು ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ, ಒಂದು ಗೇಣು ಬಿಡಿ. ತೇವ, ಗೆದ್ದಲು ಗೋಡೆಯಿಂದಲೇ ಬರೋದು.

ಎರಡನೆಯದು ಜೋಡಿಸೋದು. ದೊಡ್ಡ ಗ್ರಂಥಾಲಯಗಳಲ್ಲಿ ಡ್ಯೂಯಿ ಪದ್ಧತಿ ಇದೆ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಅಮೆರಿಕದಲ್ಲಿ ಮಾಡಿದ್ದು, ಲೋಕದ ತಿಳಿವನ್ನೆಲ್ಲಾ ಹತ್ತು ಭಾಗ ಮಾಡಿ ನಂಬರು ಕೊಟ್ಟಿದ್ದು. ಅದರಲ್ಲಿ ಧರ್ಮದ ಭಾಗ ತೆಗೆದು ನೋಡಿ. 220ರಿಂದ 280ರವರೆಗೆ ಕ್ರೈಸ್ತ ಧರ್ಮ. ಉಳಿದ ಲೋಕದ ಧರ್ಮಗಳೆಲ್ಲಾ 290ರ ಒಂದು ಓಣಿಯಲ್ಲಿ. ನಮ್ಮ ಬುದ್ಧ 294.3, ಚುಕ್ಕಿ ಆದ ಮೇಲೆ ಮೂರನೇ ಮನೆ! ಡ್ಯೂಯಿ ನಡೆಸುತ್ತಿದ್ದ ಕ್ಲಬ್ಬಿಗೆ ಯಹೂದಿಗಳಿಗೆ ಪ್ರವೇಶ ಇರಲಿಲ್ಲ. 1905ರಲ್ಲಿ ಯಹೂದಿ ಮುಖಂಡರು ದೂರು ಕೊಟ್ಟರು, ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕನ ಹುದ್ದೆ ಬಿಡಬೇಕಾಯ್ತು. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ಪದಕದಿಂದ ಅವನ ಹೆಸರನ್ನೇ ತೆಗೆಯಲು ತೀರ್ಮಾನಿಸಿತು. ಪುಸ್ತಕ ಜೋಡಿಸುವ ಕೈಯಲ್ಲೂ ಊರು-ಕೇರಿ ಇರುತ್ತೆ ಅನ್ನೋದಕ್ಕೆ ಇದನ್ನು ಹೇಳಿದೆವು.

ಅದೇ ತಪ್ಪನ್ನು ನಾವೂ ಮಾಡಿದ್ದೆವು. ಒಂದು ಹಲಗೆಗೆ 'ಅಂಬೇಡ್ಕರ್ ಮತ್ತು ದಲಿತ ಸಾಹಿತ್ಯ' ಅಂತ ಚೀಟಿ ಅಂಟಿಸಿ ಎಲ್ಲವನ್ನೂ ಅಲ್ಲೇ ತುಂಬಿದೆವು. ಅಭಿಮಾನದಿಂದಲೇ ಮಾಡಿದ್ದು. ಒಬ್ಬಳು ತಂಗಿ ಬಂದು, 'ಬೀರುವಿನಲ್ಲೂ ಕೇರಿ ಮಾಡಿದ್ದೀರಲ್ಲಣ್ಣಾ' ಅಂದಳು. ನಾಚಿಕೆ ಆಯ್ತು. ಬಾಬಾಸಾಹೇಬರು 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಬರೆದ ಪುಸ್ತಕ ಅರ್ಥಶಾಸ್ತ್ರದ ಹಲಗೆಯಲ್ಲಿ ಇರಬೇಕು. ಬಿ.ಕಾಂ. ಓದುವ ಬೇರೆ ಹುಡುಗನಿಗೂ ಅದು ಎಡವಿ ಸಿಗಬೇಕು. 'ಕುಸುಮಬಾಲೆ' ಕಾದಂಬರಿಗಳ ನಡುವೆ ಇರಬೇಕು. ಸಿದ್ದಲಿಂಗಯ್ಯನವರು ಕನ್ನಡದ ಎಲ್ಲಾ ಕವಿಗಳ ಸಾಲಿನಲ್ಲಿ ಕೂರಬೇಕು. ಈಗ ನಮ್ಮದು ಬರೀ ಬಣ್ಣದ ಚೀಟಿ: ಕತೆಗೆ ಕೆಂಪು, ಪದ್ಯಕ್ಕೆ ಹಳದಿ, ಚರಿತ್ರೆಗೆ ಹಸಿರು, ವಿಜ್ಞಾನಕ್ಕೆ ನೀಲಿ, ಪರೀಕ್ಷೆಯ ಗೈಡುಗಳಿಗೆ ಬಿಳಿ. ಹೌದು, ಗೈಡೂ ಇಟ್ಟಿದ್ದೇವೆ. ಕೆಲಸ ಸಿಗಬೇಕು, ಹೊಟ್ಟೆ ತುಂಬಬೇಕು. ಗೈಡು ತಗೊಳ್ಳೋಕೆ ಬಂದವನ ಕಣ್ಣಿಗೆ ಪಕ್ಕದ ಪದ್ಯ ಬಿದ್ದರೆ ಬೀಳಲಿ.

ಈಗ ನಮ್ಮ ಸೋಲಿನ ಕತೆ. ಮೂರನೇ ತಿಂಗಳಿಗೆ ಎಣಿಸಿದರೆ ಒಂಬತ್ತು ಪುಸ್ತಕ ಇಲ್ಲ. ರಾತ್ರಿ ಊಟದ ಮೇಲೆ ಸಭೆ ಸೇರಿದೆವು. ಅಲ್ಲೊಂದು ಮಾತು ಬಂತು: 'ಆ ಕೇರಿ ಹುಡುಗರೇ ಮಾಡಿರ್ತಾರೆ.' ಆ ಕೇರಿ ಅಂದರೆ? ಎಡಗೈ, ಬಲಗೈ ಅಂತ ನಮ್ಮೊಳಗೇ ಇರುವ ಗೋಡೆಯ ಆಚೆ ಕಡೆ. ಹೆಡ್‌ಮೇಷ್ಟ್ರು ನಮಗೆ ಅಂದ ಮಾತನ್ನೇ ನಾವು ನಮ್ಮ ತಮ್ಮಂದಿರಿಗೆ ಅಂದೆವು. ಯಾರೂ ತಡೆಯಲಿಲ್ಲ. ಮಾರನೇ ದಿನ ಪೇಟೆಯಿಂದ ಬೀಗ ತಂದು ಹಾಕಿದೆವು. ಕೀಲಿ ಕೈ ನಮ್ಮ ಜೇಬಿನಲ್ಲಿ. ಎರಡು ತಿಂಗಳು ಒಬ್ಬರೂ ಪುಸ್ತಕ ಕೇಳಲು ಬರಲಿಲ್ಲ. ಲೆಕ್ಕ ಮಾತ್ರ ಸರಿಯಾಗಿತ್ತು!

ಒಂದು ದಿನ ಎಂಟನೇ ಕ್ಲಾಸಿನ ಒಬ್ಬ ಹುಡುಗ ಬಾಗಿಲ ಹತ್ತಿರ ನಿಂತುಕೊಂಡ. 'ಅಣ್ಣ, ಬಯ್ಯಲ್ಲ ಅಂದರೆ ಹೇಳ್ತೀನಿ. ಪುಸ್ತಕ ನಮ್ಮ ಅಕ್ಕನ ಹತ್ರ ಐತೆ' ಅಂದ. ಅಕ್ಕ ಒಂಬತ್ತಕ್ಕೇ ಶಾಲೆ ಬಿಟ್ಟು ಕೂಲಿಗೆ ಹೋಗ್ತಿದ್ದಳು. ಹಬ್ಬಕ್ಕೆ ಊರಿಗೆ ಹೋದಾಗ ಇವನ ಚೀಲದಿಂದ ತೆಗೆದುಕೊಂಡು ರಾತ್ರಿ ಅವ್ವನಿಗೆ ಓದಿ ಹೇಳ್ತಿದ್ದಳಂತೆ. ಮುಗಿದಿರಲಿಲ್ಲ, ಇವನಿಗೆ ಕಿತ್ತುಕೊಂಡು ಬರೋಕೆ ಮನಸ್ಸಾಗಲಿಲ್ಲ. ಇಲ್ಲಿ ಕಳ್ಳ ಅನ್ನುತ್ತಾರೆ ಅಂತ ಬಾಯಿ ಬಿಡಲಿಲ್ಲ. ನಾವು ಯಾವ ಕೇರಿ ಅಂತ ಬೆರಳು ತೋರಿಸಿದ್ದೆವೋ ಅದೇ ಕೇರಿಯವನು. ನಾವು ಕಳುವಾಯ್ತು ಅಂದುಕೊಂಡಿದ್ದ ಪುಸ್ತಕ ನಮ್ಮ ಬೀರುವಿನಲ್ಲಿದ್ದ ಎಲ್ಲಾ ಪುಸ್ತಕಕ್ಕಿಂತ ಹೆಚ್ಚು ಕೆಲಸ ಮಾಡ್ತಿತ್ತು.

ಅವತ್ತು ಸಂಜೆ ಎಲ್ಲರ ಮುಂದೆ ನಿಂತು ತಪ್ಪಾಯ್ತು ಅಂದೆವು. ಬೀಗ ತೆಗೆದೆವು. ಒಂಬತ್ತರಲ್ಲಿ ಆರು ಬಂದವು. ಮೂರು ಬರಲೇ ಇಲ್ಲ. ಬರದಿದ್ದರೆ ಬೇಡ.

ಆಮೇಲೆ ಮಾಡಿಕೊಂಡ ನಿಯಮ ಇಷ್ಟೇ. ಒಂದು ಪುಸ್ತಕಕ್ಕೆ ಹದಿನೈದು ದಿನ, ಬೇಕಾದರೆ ಇನ್ನೂ ಹದಿನೈದು. ದಂಡ ಇಲ್ಲ. ದಂಡ ಕಟ್ಟೋಕೆ ಆಗದವನು ಪುಸ್ತಕವನ್ನೂ ತರೋದಿಲ್ಲ, ತಾನೂ ಬರೋದಿಲ್ಲ. ಪುಸ್ತಕ ಬರೆದುಕೊಡುವವರು ತಿಂಗಳಿಗೊಮ್ಮೆ ಬದಲು. ಅದರಲ್ಲಿ ಒಬ್ಬ ಸಣ್ಣ ಕ್ಲಾಸಿನವನು ಇರಲೇಬೇಕು, ಒಂದೇ ಕೇರಿಯವರು ಇಬ್ಬರೂ ಇರಕೂಡದು. ಹುಡುಗಿಯರ ಹಾಸ್ಟೆಲಿಗೆ ವಾರಕ್ಕೊಮ್ಮೆ ಪೆಟ್ಟಿಗೆ ಹೋಗುತ್ತೆ, ಸಂಜೆ ಗೇಟು ಹಾಕುವುದರಿಂದ ಅವರು ಇಲ್ಲಿಗೆ ಬರಲಾರರು. ಅಲ್ಲಿನ ಲೆಕ್ಕ ಅವರದೇ. ಭಾನುವಾರ ಸಂಜೆ ದೊಡ್ಡವರು ಚಿಕ್ಕವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅಕ್ಷರ ಕೂಡಿಸಿ ಓದೋಕೆ ತಡವರಿಸುವವರು ನಮ್ಮಲ್ಲಿ ಇದ್ದಾರೆ, ಮುಚ್ಚಿಡೋದು ಬೇಡ.

ಪುಸ್ತಕ ಕೊಡುವ ವಹಿಯಲ್ಲಿ ಒಂದು ಹೊಸ ಕಲಂ ಹಾಕಿದ್ದೇವೆ: 'ಮನೆಯಲ್ಲಿ ಮತ್ಯಾರು ಓದಿದರು?' ಒಬ್ಬ ಬರೆದಿದ್ದಾನೆ: 'ಅಕ್ಕ ಓದಿದಳು. ಅವ್ವ ಕೇಳಿದಳು. ಅಪ್ಪ ನಿದ್ದೆ ಹೋದ.' ನಾವು ಬರೆದ ಎಲ್ಲಾ ಪದ್ಯಕ್ಕಿಂತ ಆ ಸಾಲು ನಮಗೆ ಇಷ್ಟ.

ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಮದರಾಸಿನಲ್ಲಿದ್ದಾಗ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದು 1972ರಲ್ಲಿ ತೀರಿಕೊಂಡರು. ಅವರ ಮೊದಲ ಸೂತ್ರದ ಸಾರ ಇಷ್ಟು: ಪುಸ್ತಕ ಇರೋದು ಕಾಯೋಕಲ್ಲ, ಬಳಸೋಕೆ. ಹಿಂದೆ ಯೂರೋಪಿನಲ್ಲಿ ಪುಸ್ತಕಕ್ಕೆ ಸರಪಳಿ ಬಿಗಿದು ಹಲಗೆಗೆ ಕಟ್ಟುತ್ತಿದ್ದರು. ನಮ್ಮ ದೇಶದಲ್ಲಿ ಪುಸ್ತಕಕ್ಕೆ ಸರಪಳಿ ಬೇಕಾಗಲಿಲ್ಲ, ಓದುವವನಿಗೇ ಹಾಕಿದರು. ಆ ಸರಪಳಿ ಬಿಚ್ಚಿದವರ ಮಕ್ಕಳು ನಾವು. ಬೀಗ ಕೊಳ್ಳೋಕೆ ಪೇಟೆಗೆ ಹೋಗೋದು ನಮಗೆ ತಕ್ಕದ್ದಲ್ಲ.

ನಾಳೆ ನಿಮ್ಮಲ್ಲಿ ಒಬ್ಬರು ಮೇಷ್ಟ್ರಾಗ್ತೀರಿ, ಒಬ್ಬರು ವಾರ್ಡನ್ ಆಗ್ತೀರಿ, ಒಬ್ಬರು ತಪಾಸಣೆ ಮಾಡುವ ಸಾಹೇಬರೇ ಆಗ್ತೀರಿ. ಆಗ ಕೀಲಿ ಕೈ ನಿಮ್ಮ ಜೇಬಿಗೆ ಬರುತ್ತೆ. ಎಷ್ಟು ಪುಸ್ತಕ ಉಳಿದಿವೆ ಅಂತ ಕೇಳಬೇಡಿ. ಎಷ್ಟು ಸವೆದಿವೆ ಅಂತ ಕೇಳಿ. ಊರಿಗೆ ಹೋದಾಗ ನೀವು ಓದಿದ ಶಾಲೆಗೆ ಒಂದು ಸಲ ಹೋಗಿ ಬನ್ನಿ. ಆ ಬೀರುವಿನ ಮುಂದೆ ನಿಂತು, ಬೀಗ ಯಾರ ಕೈಲಿದೆ ಅಂತ ವಿಚಾರಿಸಿ. ಮುಂದಿನ ಸಭೆಗೆ ಬರುವಾಗ ಆ ಉತ್ತರ ತನ್ನಿ. ನಾವೂ ತರುತ್ತೇವೆ.

ಜೈ ಭೀಮ್.