ಗರ್ಭಕೋಶ: ಉಳಿಸಬೇಕೆ, ತೆಗೆಯಬೇಕೆ?

"ಮಕ್ಕಳಾಗಿಯಾಯಿತು, ಇನ್ನು ಆ ಚೀಲದಿಂದ ಪ್ರಯೋಜನವೇನು? ತೆಗೆಸಿಬಿಡಿ." ಈ ಮಾತು ನಮ್ಮ ನಾಡಿನಲ್ಲಿ ಅಪರೂಪವಾದುದಲ್ಲ. ಬಂಧುಗಳು ಹೇಳುತ್ತಾರೆ, ನೆರೆಹೊರೆಯವರು ಹೇಳುತ್ತಾರೆ, ಕೆಲವು ವೇಳೆ ವೈದ್ಯರೂ ಹೇಳುತ್ತಾರೆ. ಮುಟ್ಟಿನ ಕಷ್ಟವನ್ನು ವರ್ಷಗಟ್ಟಲೆ ಬಾಯಿಬಿಡದೆ ಸಹಿಸಿದ ಹೆಂಗಸಿಗೆ ಅದು ಬಿಡುಗಡೆಯ ವಾಕ್ಯದಂತೆ ಕೇಳಿಸುವುದೂ ಸಹಜವೇ. ಈ ಸಲಹೆ ಯಾವಾಗ ಯುಕ್ತ, ಯಾವಾಗ ಅಯುಕ್ತ ಎಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ. ಸಂಕೋಚದ ವಿಷಯವೆಂದು ಮುಚ್ಚಿಡುವುದರಿಂದ ಅಜ್ಞಾನ ಬೆಳೆಯುವುದಲ್ಲದೆ ರೋಗವೂ ಬೆಳೆಯುತ್ತದೆ. ಆದಕಾರಣ ನಾವು ಇಲ್ಲಿ ಮಾತುಗಳನ್ನು ಬಿಚ್ಚಿಯೇ ಆಡಬೇಕಾಗಿದೆ.

ಮೊದಲು ಅಂಗದ ಪರಿಚಯ. ಗರ್ಭಕೋಶವು ತಲೆಕೆಳಗಾಗಿಟ್ಟ ಸೀಬೆಹಣ್ಣಿನ ಆಕಾರದ್ದು. ಉದ್ದ ಸುಮಾರು 3 ಅಂಗುಲ. ಅದರ ಗೋಡೆ ಬಲವಾದ ಸ್ನಾಯುವಿನಿಂದ ಆದುದು. ಒಳಗೆ ತೆಳುವಾದ ಪೊರೆಯೊಂದುಂಟು. ತಿಂಗಳು ತಿಂಗಳಿಗೆ ಬೆಳೆದು ಕಳಚಿ ಬೀಳುವುದು ಈ ಪೊರೆಯೇ. ಕೆಳತುದಿಗೆ ಕೊರಳು ಎಂದು ಹೆಸರು. ಎರಡು ಪಕ್ಕಗಳಲ್ಲಿರುವ ಅಂಡಾಶಯಗಳು ಬೇರೆ ಅಂಗಗಳು. ಹೆಂಗಸಿನ ಮೂಳೆ, ಹೃದಯ, ನಿದ್ರೆ, ಮನಸ್ಸಿನ ಸಮಾಧಾನ ಇವೆಲ್ಲಕ್ಕೂ ಆಧಾರವಾದ ರಸಗಳನ್ನು ರಕ್ತಕ್ಕೆ ಸೇರಿಸುವುದು ಆ ಅಂಡಾಶಯಗಳು. ಈ ಭೇದವನ್ನು ಮರೆತರೆ ಮುಂದಿನ ಮಾತೆಲ್ಲ ಗೊಂದಲವಾದೀತು.

ಹೆಂಗಸರು ವೈದ್ಯರಲ್ಲಿಗೆ ತರುವ ದೂರುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಗಡ್ಡೆ, ಅತಿಯಾದ ರಕ್ತಸ್ರಾವ, ಗರ್ಭಕೋಶ ಕೆಳಕ್ಕೆ ಜಾರುವುದು, ಕಡೆಯದಾಗಿ ಅರ್ಬುದರೋಗ, ಎಂದರೆ ಕ್ಯಾನ್ಸರ್. ಇವುಗಳಲ್ಲಿ ಮೊದಲ ಮೂರಕ್ಕೆ ಅಂಗವನ್ನು ತೆಗೆಯುವುದು ಹಲವು ಉಪಾಯಗಳಲ್ಲಿ ಒಂದು. ನಾಲ್ಕನೆಯದರಲ್ಲಿ ಅದು ಅನೇಕ ವೇಳೆ ಪ್ರಾಣರಕ್ಷಕ.

ಗಡ್ಡೆಗಳ ವಿಚಾರವನ್ನು ತೆಗೆದುಕೊಳ್ಳೋಣ. ಫೈಬ್ರಾಯ್ಡ್ ಎಂಬ ಸ್ನಾಯುವಿನ ಗಡ್ಡೆಗಳು ಬಹಳ ಸಾಮಾನ್ಯ. ಸಾಸಿವೆಯಷ್ಟರಿಂದ ಕುಂಬಳಕಾಯಿಯಷ್ಟರವರೆಗೆ ಇರಬಹುದು. ಅವು ಕ್ಯಾನ್ಸರಲ್ಲ, ಕ್ಯಾನ್ಸರಾಗಿ ತೋರುವುದು ಅತಿ ವಿರಳ. ತೊಂದರೆ ಕೊಡದ ಗಡ್ಡೆಯನ್ನು ಸುಮ್ಮನೆ ನೋಡಿಕೊಂಡಿದ್ದರೆ ಸಾಕು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಅದು ತಾನಾಗಿ ಕುಗ್ಗುತ್ತದೆ. ತೊಂದರೆ ಕೊಡುವ ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆದು, ಗರ್ಭಕೋಶವನ್ನು ಹೊಲಿದು ಉಳಿಸಬಹುದು. ಈ ಕ್ರಮಕ್ಕಾಗಿ ಲಂಡನ್ನಿನ ಶಸ್ತ್ರವೈದ್ಯ ವಿಕ್ಟರ್ ಬಾನಿ ತನ್ನ ಜೀವಮಾನವೆಲ್ಲ ವಾದಿಸಿದನು. ಆತನ ಪತ್ನಿಗೆ ಗಡ್ಡೆಯ ಕಾರಣದಿಂದ ಗರ್ಭಕೋಶವನ್ನೇ ತೆಗೆಯಬೇಕಾಗಿ ಬಂದು, ದಂಪತಿಗಳು ಮಕ್ಕಳಿಲ್ಲದೆ ಉಳಿದರು. ಇತರ ಸ್ತ್ರೀಯರಿಗೆ ಆ ನಷ್ಟ ಬಾರದಿರಲೆಂದು ಆತನು ಗಡ್ಡೆ ಬಿಡಿಸುವ ಕೌಶಲವನ್ನು ಪರಿಷ್ಕರಿಸಿ, 1946ರಲ್ಲಿ ಆ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಈಗ ಆ ಕೆಲಸವನ್ನು ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕವೂ, ಗಡ್ಡೆ ಒಳಪೊರೆಯ ಕಡೆಗೆ ಚಾಚಿಕೊಂಡಿದ್ದರೆ ಯಾವ ಗಾಯವೂ ಇಲ್ಲದೆ ಕೊರಳಿನ ದಾರಿಯಿಂದಲೂ ಮಾಡುವುದುಂಟು. ಫ್ರಾನ್ಸಿನ ಜಾಕ್ ರವಿನಾ ಎಂಬ ವೈದ್ಯರು 1995ರಲ್ಲಿ ಪ್ರಕಟಿಸಿದ ಮತ್ತೊಂದು ಉಪಾಯದಲ್ಲಿ, ರಕ್ತನಾಳದೊಳಗೆ ಸಣ್ಣ ನಳಿಗೆಯನ್ನು ತೂರಿಸಿ ಗಡ್ಡೆಗೆ ಹೋಗುವ ರಕ್ತವನ್ನು ತಡೆಯುತ್ತಾರೆ. ನೀರಿಲ್ಲದ ಗಿಡದಂತೆ ಗಡ್ಡೆ ಬಾಡುತ್ತದೆ. ಮುಂದೆ ಮಕ್ಕಳನ್ನು ಬಯಸುವವರು ಇದನ್ನು ಆರಿಸಿಕೊಳ್ಳುವ ಮುನ್ನ ವೈದ್ಯರೊಡನೆ ಚೆನ್ನಾಗಿ ಸಮಾಲೋಚಿಸಬೇಕು.

ಎರಡನೆಯದು ಅತಿಸ್ರಾವ. ಗಡ್ಡೆಯಿಲ್ಲದೆಯೂ ಮುಟ್ಟಿನಲ್ಲಿ ರಕ್ತ ಅತಿಯಾಗಿ ಹೋಗುವುದುಂಟು. ರಸಗಳ ಏರುಪೇರು, ಥೈರಾಯ್ಡ್ ಗ್ರಂಥಿಯ ದೋಷ, ಒಳಪೊರೆಯು ಸ್ನಾಯುವಿನೊಳಕ್ಕೆ ಹೊಕ್ಕು ಬೆಳೆಯುವುದು, ರಕ್ತ ಹೆಪ್ಪುಗಟ್ಟುವ ಗುಣದಲ್ಲಿ ಕೊರತೆ, ಹೀಗೆ ಕಾರಣಗಳು ಹಲವು. ಕಾರಣವನ್ನು ಹುಡುಕದೆ ಕತ್ತಿಯನ್ನು ಹುಡುಕುವುದು ವೈದ್ಯಧರ್ಮವಲ್ಲ. ಗುಳಿಗೆಗಳಿವೆ, ಒಳಗೆ ಇರಿಸಿದರೆ ಹಲವು ವರ್ಷ ಸ್ವಲ್ಪ ಸ್ವಲ್ಪವಾಗಿ ಔಷಧವನ್ನು ಒಸರಿಸುವ ಪುಟ್ಟ ಸಾಧನವಿದೆ, ಇನ್ನು ಮಕ್ಕಳು ಬೇಡವೆನ್ನುವವರಿಗೆ ಒಳಪೊರೆಯನ್ನು ಮಾತ್ರ ಶಾಖದಿಂದ ನಾಶಮಾಡುವ ಕ್ರಮವೂ ಇದೆ. ಇನ್ನು ಬಿಳಿಸೆರಗಿನ ಮಾತು. ಅದು ಬಹುಪಾಲು ಸಹಜವಾದುದು, ಇಲ್ಲವೆ ಔಷಧದಿಂದ ಗುಣವಾಗುವ ಸೋಂಕು. ಅದೊಂದೇ ಕಾರಣಕ್ಕೆ ಗರ್ಭಕೋಶವನ್ನು ತೆಗೆಯುವುದು ಅನ್ಯಾಯ.

ಮೂರನೆಯದು ಗರ್ಭಕೋಶ ಜಾರುವುದು. ಹೆರಿಗೆಗಳಿಂದಲೂ, ಬಾಣಂತಿತನ ಕಳೆಯುವ ಮೊದಲೇ ಭಾರ ಹೊರುವುದರಿಂದಲೂ ಅಂಗವನ್ನು ಹಿಡಿದಿರುವ ಕಟ್ಟುಗಳು ಸಡಿಲವಾಗುತ್ತವೆ. ಇಲ್ಲಿ ದೋಷವಿರುವುದು ಕಟ್ಟುಗಳಲ್ಲಿ. ಅವನ್ನು ಬಿಗಿಮಾಡದೆ ಗರ್ಭಕೋಶವನ್ನು ಮಾತ್ರ ತೆಗೆದರೆ, ಉಳಿದ ಭಾಗ ಮತ್ತೆ ಜಾರಬಹುದು. ಪ್ರಾರಂಭದಲ್ಲಿ ಸ್ನಾಯುಗಳ ವ್ಯಾಯಾಮವೂ, ಒಳಗೆ ಇರಿಸುವ ಬಳೆಯೂ ಅನೇಕರಿಗೆ ಸಾಕಾಗುತ್ತವೆ. ಗರ್ಭಕೋಶವನ್ನು ಉಳಿಸಿಕೊಂಡೇ ಅದನ್ನು ಎತ್ತಿ ಕಟ್ಟುವ ಶಸ್ತ್ರಕ್ರಿಯೆಯೂ ಉಂಟು. ಅಂತಹ ಒಂದು ಕ್ರಮವನ್ನು ರೂಪಿಸಿದವರು ಮುಂಬಯಿಯ ಡಾಕ್ಟರ್ ವಿಠ್ಠಲ ನಾಗೇಶ ಶಿರೋಡ್ಕರ್. 1899ರಲ್ಲಿ ಗೋವೆಯಲ್ಲಿ ಹುಟ್ಟಿದ ಅವರ ಶಾಲಾವಿದ್ಯಾಭ್ಯಾಸ ನಡೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಗರ್ಭ ನಿಲ್ಲದವರಿಗಾಗಿ ಕೊರಳಿಗೆ ಹಾಕುವ ಹೊಲಿಗೆಯನ್ನು ಅವರು 1955ರಲ್ಲಿ ಪ್ರಕಟಿಸಿದರು. ಆ ಹೊಲಿಗೆ ಲೋಕದ ಎಲ್ಲ ಕಡೆಯೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಕಡೆಯದು ಕ್ಯಾನ್ಸರ್. ಇಲ್ಲಿ ನಮ್ಮ ಸಲಹೆಯ ದಿಕ್ಕು ಬದಲಾಗುತ್ತದೆ: ತಡಮಾಡಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ದಾಂಪತ್ಯಸಂಪರ್ಕದ ಬಳಿಕ ರಕ್ತ ಕಂಡರೂ, ಅಂದೇ ವೈದ್ಯರನ್ನು ಕಾಣಬೇಕೆಂದು ನಿಶ್ಚಯಿಸಬೇಕು. ಒಳಪೊರೆಯ ಕ್ಯಾನ್ಸರಿಗೆ ಗರ್ಭಕೋಶವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ಕೊರಳಿನ ಕ್ಯಾನ್ಸರು ಆರಂಭದಲ್ಲಿದ್ದರೆ ಶಸ್ತ್ರಕ್ರಿಯೆ, ಮುಂದುವರಿದಿದ್ದರೆ ಕಿರಣಚಿಕಿತ್ಸೆಯೂ ಔಷಧವೂ ಬೇಕಾಗುತ್ತವೆ. ಈ ಕೊರಳಿನ ರೋಗ ಬರುವ ಮೊದಲೇ ಅದನ್ನು ಹಿಡಿಯಬಹುದೆಂಬುದು ಮಾನವಕುಲದ ಭಾಗ್ಯ. ಪಾಪನಿಕೊಲೌ ಎಂಬ ವಿಜ್ಞಾನಿ 1943ರಲ್ಲಿ ಸಹೋದ್ಯೋಗಿಯೊಡನೆ ವಿವರವಾಗಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೊರಳಿನ ಮೇಲಿನ ಕಣಗಳನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗದ ಮುನ್ಸೂಚನೆ ಕಂಡರೆ ಆ ಚೂರನ್ನು ಮಾತ್ರ ತೆಗೆದರೆ ಸಾಕು; ಗರ್ಭಕೋಶ ಉಳಿಯುತ್ತದೆ. ಈ ರೋಗಕ್ಕೆ ಒಂದು ವೈರಸ್ಸೇ ಮೂಲವೆಂದು ತೋರಿಸಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ವೈರಸ್ಸನ್ನು ತಡೆಯುವ ಲಸಿಕೆಯನ್ನು ಹುಡುಗಿಯರಿಗೆ ಎಳೆಯ ವಯಸ್ಸಿನಲ್ಲಿಯೇ ಹಾಕಿಸಬೇಕು.

ಹೀಗಿರಲು, ತೆಗೆಸಿಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಂಗಸಿಗೆ ಒಂದೇ ದಿನದಲ್ಲಿ ಮುಪ್ಪಿನ ಬಾಗಿಲು ತೆರೆದಂತಾಗುತ್ತದೆ: ಮೈಬಿಸಿ, ನಿದ್ರಾನಾಶ, ಮೂಳೆಯ ಸವೆತ, ಹೃದ್ರೋಗದ ಭಯ. ಅಂಡಾಶಯಗಳನ್ನು ಉಳಿಸಿದರೂ ಅವು ಕಾಲಕ್ಕೆ ಮೊದಲೇ ಬತ್ತುವ ಸಂಭವವಿದೆ. ಭಾರತದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 3.3 ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದರು. ಇಂತಹ ಶಸ್ತ್ರಕ್ರಿಯೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಖಾಸಗಿ ಆಸ್ಪತ್ರೆಗಳಲ್ಲಿ ನಡೆದವು. ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೇ, ಅಗತ್ಯವಿಲ್ಲದೆ ಗರ್ಭಕೋಶ ಕಳೆದುಕೊಂಡೆವೆಂದು ಲಂಬಾಣಿ ಮತ್ತು ದಲಿತ ಹೆಂಗಸರು 2017ರಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. 2023ರ ಏಪ್ರಿಲ್ 5ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು, ಅನಗತ್ಯವಾದ ಇಂತಹ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಸರ್ಕಾರ ರಚಿಸಿದ್ದ ನಿಯಮಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆಮಾಡಿತು.

ನ್ಯಾಯಾಲಯದ ಆಜ್ಞೆ ದೂರದ ರಕ್ಷೆ. ಹತ್ತಿರದ ರಕ್ಷೆ ತಿಳಿವಳಿಕೆ. ಶಸ್ತ್ರಕ್ರಿಯೆಗೆ ಒಪ್ಪುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ನನಗಿರುವ ರೋಗದ ಹೆಸರೇನು, ಅದನ್ನು ಯಾವ ಪರೀಕ್ಷೆಯಿಂದ ತಿಳಿದಿರಿ? ತೆಗೆಯದೆ ಗುಣಪಡಿಸುವ ಉಪಾಯವನ್ನು ಪ್ರಯತ್ನಿಸಿ ನೋಡಿದ್ದಾಯಿತೆ? ಅಂಡಾಶಯಗಳನ್ನು ಉಳಿಸುವಿರಾ, ಇಲ್ಲವಾದರೆ ಏಕೆ? ಒಂದೆರಡು ವಾರ ಕಾದು ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆದರೆ ಅಪಾಯವುಂಟೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ. ಕೇಳುವವಳು ಅಂಜಿದರೆ ಆಕೆಯ ಪತಿಯೋ ಸೋದರಿಯೋ ಮಗಳೋ ಜೊತೆಗಿದ್ದು ಕೇಳಲಿ. ಒಪ್ಪಿಗೆಯ ಮಾತು ಮಾತ್ರ ಆಕೆಯದೇ ಆಗಿರಲಿ.

ಶಸ್ತ್ರವೈದ್ಯವು ದೊಡ್ಡ ವಿದ್ಯೆ. ಬೇಕಾದಾಗ ಅದನ್ನು ಬೇಡವೆನ್ನುವುದು ಎಷ್ಟು ಅವಿವೇಕವೋ, ಬೇಡವಾದಾಗ ಅದಕ್ಕೆ ಮೈಯೊಡ್ಡುವುದೂ ಅಷ್ಟೇ ಅವಿವೇಕ. ಈ ವಿವೇಚನೆ ಪಟ್ಟಣದ ವಿದ್ಯಾವಂತರ ಮನೆಗಳಲ್ಲಿ ಮೊದಲಾಗಿ, ಅಲ್ಲಿ ದುಡಿಯಲು ಬರುವ ಹೆಂಗಸರ ಮನೆಗಳಿಗೂ ಮುಟ್ಟಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.