ನಾಡಿನ ಕಲ್ಪನೆಯೂ ರಾಜಕಾರಣವೂ



ನಾಡೆಂಬುದು ಮೊದಲು ಜನರ ಮನಸ್ಸಿನಲ್ಲಿ ಹುಟ್ಟುವದೋ, ಸರಕಾರದ ನಕಾಶೆಯಲ್ಲಿಯೋ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಲು ನಾವು ನಿಂತಿದ್ದೇವೆ.

ಕಾವೇರಿಯಿಂದ ಗೋದಾವರಿಯ ವರೆಗೆ ಹಬ್ಬಿದ ನಾಡನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಗುರುತಿಸಿದೆಯೆಂದು ನಮ್ಮ ವಕ್ತಾರರು ಪ್ರತಿಯೊಂದು ಸಭೆಯಲ್ಲಿಯೂ ಹೇಳುವದುಂಟು. ನಾವೂ ಹೇಳಿದ್ದೇವೆ. ಆದರೆ ಆ ಗ್ರಂಥವು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದುದೆಂಬುದನ್ನು ಏಕೆ ಹೇಳುವದಿಲ್ಲ? ಅಂದು ಸಾಹಿತ್ಯದ ಬೆನ್ನ ಹಿಂದೆ ಒಂದು ಸಿಂಹಾಸನವಿತ್ತು.

ಸಿಂಹಾಸನವಿಲ್ಲದ ಕಾಲದ ಸ್ಥಿತಿಯನ್ನು ನೋಡಿರಿ. ಆಂಗ್ಲರ ಆಳಿಕೆಯಲ್ಲಿ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋದರು. ನಡುನಡುವೆ ಚಿಕ್ಕ ಸಂಸ್ಥಾನಗಳು ಬೇರೆ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮಕ್ಕಳು ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿಯನ್ನೋದುತ್ತಿದ್ದರು. ಇದನ್ನು ತಿದ್ದಲು ಹೆಣಗಿದವರು ಅದೇ ಸರಕಾರದ ವಿದ್ಯಾಖಾತೆಯಲ್ಲಿದ್ದ ಡೆಪ್ಯೂಟಿ ಚನ್ನಬಸಪ್ಪನವರು. ಏಕೀಕರಣವೆಂಬ ಶಬ್ದವು ಸಭೆಗಳಲ್ಲಿ ಮೊಳಗುವದಕ್ಕೆ ಎಷ್ಟೋ ಮೊದಲು, ಕನ್ನಡ ಶಾಲೆಗಳನ್ನು ತೆರೆದು ಅವರು ಅದರ ಕೆಲಸವನ್ನು ಆರಂಭಿಸಿದ್ದರು. ಇಲ್ಲಿ ಕುಳಿತಿರುವ ಶಿಕ್ಷಕ ಬಂಧುಗಳಿಗೆ ಈ ಮಾತು ವಿಶೇಷವಾಗಿ ಸಲ್ಲುವದು.

1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವೂ 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತೂ ಹುಟ್ಟಿದುವು. 1905ರಲ್ಲಿ ಆಲೂರ ವೆಂಕಟರಾಯರು ಹಂಪೆಯ ಹಾಳುಗಳನ್ನು ಕಂಡು ಕಂಪಿಸಿದರು. ಅವರು ಮುಂಬಯಿ ಇಲಾಖೆಯವರು, ಹಂಪೆಯು ಮದರಾಸು ಇಲಾಖೆಯಲ್ಲಿದ್ದಿತು! ಅವರ 'ಕರ್ನಾಟಕ ಗತವೈಭವ'ವು 1917ರಲ್ಲಿ ಹೊರಬಂದಿತು.

ಆದರೆ ಗತವೈಭವವು ತಾನೇ ಒಂದು ತಾಲೂಕನ್ನಾದರೂ ತಂದುಕೊಡದು. 1920ರಲ್ಲಿ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನೊಪ್ಪಿ ಕರ್ನಾಟಕಕ್ಕೆ ಬೇರೆ ಪ್ರಾಂತಿಕ ಸಮಿತಿಯನ್ನು ಕೊಟ್ಟಿತು. ನಕಾಶೆಯಲ್ಲಿಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ದಫ್ತರದಲ್ಲಿ ಮೂಡಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆದಾಗ ಏಕೀಕರಣದ ಪರಿಷತ್ತೂ ಅಲ್ಲಿಯೇ ಸೇರಿತು. ಹುಯಿಲಗೋಳ ನಾರಾಯಣರಾಯರ ಹಾಡೂ ಅಲ್ಲಿಯೇ ಮೊಳಗಿತು. ಹಾಡು ಬೇರೆ, ಠರಾವು ಬೇರೆ ಎಂದು ಆ ಮಂಟಪದಲ್ಲಿ ಯಾರೂ ಎಣಿಸಿರಲಿಕ್ಕಿಲ್ಲ.

ಹಾಗೆಂದು ರಾಜಕಾರಣವು ಸದಾ ಸಂಸ್ಕೃತಿಯ ಸೇವಕನೆಂದು ನಂಬಿದವರು ಮೋಸಹೋದರು. ಮೈಸೂರಿನಲ್ಲಿಯೇ ಅನೇಕರು ಏಕೀಕರಣಕ್ಕೆ ಹೆದರಿದರು, ಅವರಾಡುತ್ತಿದ್ದುದೂ ಕನ್ನಡವೇ. 1953ರಲ್ಲಿ ಬಳ್ಳಾರಿಯನ್ನು ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೆ ಸೇರಿಸಿದರು. 1956ರ ನವೆಂಬರ 1ರಂದು ಪ್ರಾಂತವು ಒಂದಾಯಿತು. ಹೆಸರು ಮಾತ್ರ 1973ರ ವರೆಗೆ ಮೈಸೂರೇ.

ಅದೇ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿಯನ್ನಿತ್ತುದು ಮದರಾಸು ಸರಕಾರ. 1963ರಲ್ಲಿ ಅವರು ತೀರಿಕೊಂಡಾಗ ಅವರ ಮನೆಯು ಕೇರಳದಲ್ಲಿದ್ದಿತು. ಕನ್ನಡದ ರಾಷ್ಟ್ರಕವಿಯ ಮನೆಯು ಕನ್ನಡ ರಾಜ್ಯದಲ್ಲಿ ಒಂದು ದಿನವೂ ಇರಲಿಲ್ಲ.