ಪುಟ್ಟ ಮೋಟಾರು ಸೈಕಲ್ಲು ಹತ್ತುವ ಮೊದಲು
(ಸಂಘದ ರಾತ್ರಿ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು ಬಾಗಿಲು ಹಾಕಿ, ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲೇ ಇಲ್ಲಿಗೆ ಬಂದಿದ್ದೀರಿ. ಆದುದರಿಂದ ನೇರ ವಿಷಯಕ್ಕೆ ಬರುತ್ತೇವೆ. ಹೋದ ಮಳೆಗಾಲದಲ್ಲಿ ನಮ್ಮ ಕೋಣೆಯ ಹುಡುಗನೊಬ್ಬ ಹೋಟೆಲಿನ ಮೊಪೆಡ್ಡಿನಲ್ಲಿ ಹಾಲು ತರಲು ಹೋಗಿ, ಗಟಾರದ ಕಬ್ಬಿಣದ ಮುಚ್ಚಳದ ಮೇಲೆ ಜಾರಿ ಹೆಗಲಿನ ಮೂಳೆ ಮುರಿದುಕೊಂಡ. ಲೈಸೆನ್ಸು ಇರಲಿಲ್ಲ. ಕಲಿತದ್ದು ಹಿಂದಿನ ದಿನ, ಹಿತ್ತಲ ಗಲ್ಲಿಯಲ್ಲಿ. ಕಳಿಸಿದ ಮಾಲೀಕರೇ ಆಸ್ಪತ್ರೆಗೆ ಬಂದು, “ಇವನಿಗೆ ಹೋಗು ಎಂದವರು ಯಾರು?” ಎಂದು ಕೇಳಿದರು. ಇಂದಿನ ಮಾತಿಗೆ ಕಾರಣ ಅದೇ.

ಪುಟ್ಟ ಗಾಡಿಯೆಂದರೆ ಆಟದ ಸಾಮಾನು ಎಂಬ ಭಾವನೆ ನಮ್ಮಲ್ಲಿದೆ. ಒಂದು ಕಾಲಕ್ಕೆ ಅದು ನಿಜವೂ ಹೌದು. 1961ರಲ್ಲಿ ಜಪಾನಿನ ಹೋಂಡಾ ಕಂಪನಿಯವರು ಟೋಕಿಯೋ ಬಳಿಯ ತಾಮಾ ಟೆಕ್ ಎಂಬ ವಿನೋದವನದಲ್ಲಿ ಸವಾರಿಯ ಆಟಕ್ಕೆಂದೇ 5 ಅಂಗುಲ ಚಕ್ರದ ಮೋಟಾರು ಸೈಕಲ್ಲು ಇಟ್ಟರು. ದೊಡ್ಡವರು ಕೂತರೆ ಮೊಣಕಾಲು ಹೊರಚಾಚಿ ಕೋತಿಯ ಹಾಗೆ ಕಾಣುತ್ತಿದ್ದರಂತೆ. ‘ಮಂಕಿ’ ಎಂದೇ ಹೆಸರು ಬಿತ್ತು. ನಮ್ಮ ದೇಶದಲ್ಲಿ ಪುಟ್ಟ ಗಾಡಿ ಬಂದದ್ದು ದುಡಿಮೆಗೆ. 1972ರಲ್ಲಿ ಪುಣೆಯ ಕೈನೆಟಿಕ್‌ನವರ ಲೂನಾ, 1980ರಲ್ಲಿ ನಮ್ಮ ಗಡಿಗೆ ತಾಗಿದ ಹೊಸೂರಿನಿಂದ ಇಬ್ಬರು ಕೂರುವ ಟಿವಿಎಸ್ 50. ಇಂದು ಹಾಲು, ತರಕಾರಿ, ಪಾರ್ಸೆಲ್ಲು, ಎಲ್ಲವೂ ಈ ಜಾತಿಯ ಗಾಡಿಯ ಮೇಲೆಯೇ.

ಮೊದಲು ನಿಲ್ಲಿಸುವುದನ್ನು ಕಲಿಯಿರಿ. ಜನವಿಲ್ಲದ ಬಯಲಿನಲ್ಲಿ ಎಂಜಿನ್ನು ಬಂದ್ ಇಟ್ಟು, ಗೆಳೆಯನಿಂದ ಮೆಲ್ಲಗೆ ತಳ್ಳಿಸಿಕೊಂಡು, ಎರಡು ಬ್ರೇಕುಗಳನ್ನೂ ಹಿಡಿದು ನೋಡಿ. ಗೇರಿಲ್ಲದ ಗಾಡಿಯಲ್ಲಿ ಎಡಗೈಯದು ಹಿಂಚಕ್ರಕ್ಕೆ, ಬಲಗೈಯದು ಮುಂಚಕ್ರಕ್ಕೆ. ಮುಂದಿನದಕ್ಕೆ ಬಲ ಹೆಚ್ಚು. ಒದ್ದೆ ನೆಲದಲ್ಲಿ ಅದನ್ನೊಂದನ್ನೇ ಗಪ್ಪನೆ ಹಿಡಿದರೆ ಗಾಡಿ ಮಲಗುತ್ತದೆ. ಎರಡನ್ನೂ ಕೂಡಿಸಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 2019ರ ಏಪ್ರಿಲಿನಿಂದ ಹೊಸ ಚಿಕ್ಕ ಗಾಡಿಗಳಲ್ಲಿ ಒಂದು ಹಿಡಿಯಿಂದ ಎರಡು ಚಕ್ರಕ್ಕೂ ಬ್ರೇಕು ತಾಗುವ ಏರ್ಪಾಡು ಕಡ್ಡಾಯವಾಗಿದೆ. ನಮ್ಮ ಹೋಟೆಲುಗಳ ಹಳೆಯ ಗಾಡಿಗಳಿಗೆ ಆ ಭಾಗ್ಯವಿಲ್ಲ.

ಹೊಸಬರು ಬೀಳುವುದು ಹೆಚ್ಚಾಗಿ ಬಲಗೈಯಿಂದ. ಹೆದರಿದ ಕೈ ಬಿಗಿಯುತ್ತದೆ. ಬಿಗಿದ ಕೈ ಹಿಡಿಯನ್ನು ತಿರುಚುತ್ತದೆ. ಗಾಡಿ ಮುಂದಕ್ಕೆ ನೆಗೆಯುತ್ತದೆ. ಆದುದರಿಂದ ಎಂಜಿನ್ನು ಚಾಲೂ ಇರುವಾಗ ಕೆಳಗೆ ನಿಂತು ಗಾಡಿ ತಳ್ಳಕೂಡದು.

ಚಕ್ರ ಚಿಕ್ಕದಾದಷ್ಟೂ ಗುಂಡಿ ದೊಡ್ಡದು. ಬಸ್ಸಿನ ಚಕ್ರ ದಾಟಿಹೋಗುವ ಕುಳಿಯಲ್ಲಿ ನಮ್ಮ ಚಕ್ರ ಇಳಿದು ಕೂರುತ್ತದೆ. ಮುಂಬಯಿಯ ಮೊದಲ ಮಳೆಗೆ ರಸ್ತೆಯ ಎಣ್ಣೆಯೆಲ್ಲ ಮೇಲೆದ್ದು ಜಾರುತ್ತದೆ. ಕಬ್ಬಿಣದ ಮುಚ್ಚಳ, ಬಣ್ಣದ ಪಟ್ಟಿ, ಪೇವರ್ ಕಲ್ಲು ಇವುಗಳ ಮೇಲೆ ಬ್ರೇಕು ಹಿಡಿಯದೆ, ತಿರುಗಿಸದೆ ನೇರ ಹೋಗಿ.

ಸಾಂಬಾರಿನ ಬಕೆಟ್ಟು ಹಿಡಿದು ಓಡಿದವರಿಗೆ ಗೊತ್ತು: ನಾವು ನಿಂತರೂ ಸಾಂಬಾರು ನಿಲ್ಲುವುದಿಲ್ಲ. ಅರ್ಧ ತುಂಬಿದ ಹಾಲಿನ ಕ್ಯಾನೂ ಹಾಗೆಯೇ. ಕ್ಯಾನನ್ನು ಹ್ಯಾಂಡಲಿಗೆ ತೂಗುಹಾಕಬೇಡಿ, ತಿರುವಿನಲ್ಲಿ ಅದು ಹ್ಯಾಂಡಲನ್ನು ಎಳೆಯುತ್ತದೆ. ಭಾರ ತಗ್ಗಿನಲ್ಲಿ, ನಡುವಿನಲ್ಲಿ, ಹಗ್ಗ ಬಿಗಿದು ಇರಲಿ. ಮಿಲ್ಲಿನಲ್ಲಿ ದುಡಿದ ಹಿರಿಯರನ್ನು ಕೇಳಿ, ಓಡುವ ಪಟ್ಟಿಯ ಬಳಿ ಸಡಿಲ ಬಟ್ಟೆ ಏನು ಮಾಡುತ್ತದೆಂದು ಹೇಳುತ್ತಾರೆ. ಲುಂಗಿ, ಪಂಚೆ, ಹಿಂದೆ ಕೂತ ಹೆಂಗಸರ ಸೆರಗು, ಇವಕ್ಕೆ ಹಿಂಚಕ್ರವೂ ಅದೇ ಯಂತ್ರ.

ಹೆಲ್ಮೆಟ್ಟು ಐಎಸ್‌ಐ ಗುರುತಿನದೇ ಇರಲಿ, ಪಟ್ಟಿ ಗದ್ದದ ಕೆಳಗೆ ಬಿಗಿದಿರಲಿ. ಹಿಂದೆ ಕೂತವರಿಗೂ ಬೇಕು. ಕನ್ನಡಿಗೆ ತೂಗುಹಾಕಿದ ಹೆಲ್ಮೆಟ್ಟು ಕನ್ನಡಿಯನ್ನು ಕಾಪಾಡೀತು, ಅಷ್ಟೆ.

ಇನ್ನು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ 50 ಸಿಸಿ ಒಳಗಿನ ಗಾಡಿಗೆ 16 ವರ್ಷ ಸಾಕು. ಆದರೆ ಈಗಿನ ಪೆಟ್ರೋಲು ಮೊಪೆಡ್ಡು 100 ಸಿಸಿಯ ಸುಮಾರಿನದು, ಅದಕ್ಕೆ 18 ತುಂಬಿರಬೇಕು. ಕಲಿಯುವವರ ಲೈಸೆನ್ಸು 6 ತಿಂಗಳಿನದು. 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕರೂ ತಪ್ಪಿತಸ್ಥರೇ. ಕಡ್ಡಾಯದ ಥರ್ಡ್ ಪಾರ್ಟಿ ವಿಮೆ ನಿಮ್ಮಿಂದ ಪೆಟ್ಟಾದ ಇತರರಿಗೆ. ಓಡಿಸುವ ನಿಮ್ಮ ಮೂಳೆಗೆ ಅದು ಬಾರದು. ಕೆಲಸದ ಮೇಲೆ ಹೋದಾಗಿನ ಗಾಯಕ್ಕೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು 1923ರಿಂದಲೂ ಈ ದೇಶದ ಕಾಯಿದೆಯಲ್ಲಿದೆ. ಆದರೆ ಕೆಲಸದ ಮೇಲೆ ಹೋದದ್ದನ್ನು ತೋರಿಸಲು ಸಾಕ್ಷಿ ಬೇಕಷ್ಟೆ. ಆದುದರಿಂದ, “ಗಾಡಿ ತೆಗೆದುಕೊಂಡು ಹೋಗೋ” ಎಂದಾಗ ನಾಲ್ಕು ಜನರ ಎದುರಿಗೇ, ವಿನಯದಿಂದಲೇ ಕೇಳಿ: “ಅಣ್ಣಾ, ಗಾಡಿಯ ಕಾಗದ ಎಲ್ಲಿ? ನನಗಿನ್ನೂ ಲೈಸೆನ್ಸು ಆಗಿಲ್ಲವಲ್ಲ?” ಕೆಲಸ ಹೋದೀತೆಂಬ ಭಯ ನಮಗೂ ಗೊತ್ತು. ಒಬ್ಬರೇ ಕೇಳಲು ಅಳುಕಾದರೆ ಸಂಘಕ್ಕೆ ತಿಳಿಸಿ, ನಾವು ಜೊತೆಗೆ ಬರುತ್ತೇವೆ.

ಬರುವ ಸೋಮವಾರ ಮಧ್ಯಾಹ್ನ ಬಿಡುವಿನಲ್ಲಿ ಲೈಸೆನ್ಸಿನ ಅರ್ಜಿ ತುಂಬಿಕೊಡಲು ಇಲ್ಲೇ ಕೂತಿರುತ್ತೇವೆ. ವಯಸ್ಸಿನ ದಾಖಲೆ, ವಿಳಾಸದ ದಾಖಲೆ ತನ್ನಿ. ಆ ಹುಡುಗನೂ ಬರುತ್ತೇನೆಂದಿದ್ದಾನೆ. ಅವನ ಬಲಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಅರ್ಜಿಯನ್ನು ನಾವೇ ಬರೆದುಕೊಡುತ್ತೇವೆ.